ಉಮಾವತಿ ಹಾಕುವ ಹುಲ್ಲಿನ ಗಂಟು

ಮಳೆ ಹೊಳವಾದ ಬೆಳಗಿನ ಆರು ಗಂಟೆ. ಬಸ್ರೂರಿನ ಹೊಳೆಬದಿಯಲ್ಲಿ ಬೇಸಾಯ ಬಿಟ್ಟ ಹಡಿಲು ಗದ್ದೆಯಲ್ಲಿ ಹುಲ್ಲು ಎದೆಮಟ್ಟ ನಿಂತಿದೆ. ಅದನ್ನು ಕೊಯ್ಯಲು ಬಂದ ಉಮಾವತಿ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬದುವಿನ ಮೇಲೆ ಸುಮ್ಮನೆ ಕುಳಿತಿದ್ದಾರೆ. ಗೊತ್ತಿಲ್ಲದವರು ಮೈಗಳ್ಳಿ ಎಂದಾರು. ಅವರ ಕಣ್ಣು ಗುಬ್ಬಿಗಿಂತ ಚಿಕ್ಕದೊಂದು ಹಕ್ಕಿಯ ಮೇಲಿದೆ. ಕಪ್ಪು ತಲೆ, ಇಟ್ಟಿಗೆ ಬಣ್ಣದ ಬೆನ್ನು, ಬೀಜ ಒಡೆಯುವ ದಪ್ಪ ಕೊಕ್ಕಿನ ರಾಟವಾಳ. ತನಗಿಂತ ಉದ್ದದ ಹುಲ್ಲೆಸಳು ಕಚ್ಚಿಕೊಂಡು ಅದು ನುಸುಳಿದಲ್ಲಿಗೆ ಉಮಾವತಿ ಹೋಗಿ, ಹುಲ್ಲಿನ ತುದಿಗಳನ್ನು ಸೇರಿಸಿ ಗಂಟು ಹಾಕುತ್ತಾರೆ. ಅದರ ಸುತ್ತ ಒಂದು ಮಾರು ಜಾಗದಲ್ಲಿ ಕತ್ತಿ ಆಡುವುದಿಲ್ಲ.

ಐವತ್ತೆರಡರ ಉಮಾವತಿಗೆ ಇಪ್ಪತ್ತು ವರ್ಷದಿಂದ ಇದೇ ಕೆಲಸ. ದಿನಕ್ಕೆ ಆರು ಹೊರೆ, ನಾಲ್ಕು ಮನೆಯ ದನದ ಹಟ್ಟಿಗೆ. ಬಗ್ಗಿ ಬಗ್ಗಿ ಬೆನ್ನು ಸೋತಿದೆ. ಹತ್ತು ವರ್ಷದ ಹಿಂದೆ ಹಟ್ಟಿಯಲ್ಲಿ ಹೊರೆ ಬಿಚ್ಚಿದಾಗ ತೆಂಗಿನಕಾಯಿ ಗಾತ್ರದ ಹುಲ್ಲಿನ ಗೂಡೊಂದು ಉರುಳಿತ್ತು. ಒಳಗೆ ಐದು ಬಿಳಿ ಮೊಟ್ಟೆ.

"ಓಡ್ಕಂಡ್ ಹೋಯಿ ಅಲ್ಲೇ ಇಟ್ಟೆ. ಗಂಡ್ ಹೆಣ್ಣ್ ಎರಡೂ ಬಂದೊ, ಕಂಡೊ, ಹೋದೊ. ಮತ್ ಬರ್ಲೇ ಇಲ್ಲ. ಅವತ್ತ್ ನಂಗ್ ಅನ್ನ ಸೇರ್ಲಿಲ್ಲ ಕಾಣಿ" ಎನ್ನುತ್ತಾರೆ. ಗಂಟು ಶುರುವಾದದ್ದು ಅಂದಿನಿಂದ.

ಈ ವರ್ಷ ಗದ್ದೆಯ ಒಡೆಯ ಲೀಲಾಧರ ಹುಲ್ಲು ಕತ್ತರಿಸುವ ಮೆಷಿನ್ ತರಿಸಿದರು. ಆಳು ಸಿಗದ ಕಾಲ, ಅವರನ್ನೂ ದೂರುವಂತಿಲ್ಲ. ಆದರೆ ಗೂಡುಗಳ ಜೊತೆ ತನ್ನ ಕೆಲಸವೂ ಹೋಯಿತೆಂದೇ ಉಮಾವತಿ ಕಂಗಾಲಾದರು. "ಮೆಷಿನಿಗ್ ಕಣ್ಣಿತ್ತಾ?" ಎಂಬುದೊಂದೇ ಅವರ ಪ್ರಶ್ನೆ. ಯಾರಿಗೂ ಹೇಳದೆ, ಮೆಷಿನ್ ಬರುವ ಮೊದಲೇ ಹೋಗಿ ಹದಿನೇಳು ಗಂಟು ಹಾಕಿ ನಿಂತರು.

ಮೆಷಿನ್ ಓಡಿಸುವ ಪ್ರವೀಣ್ ಒಂದು ಸುತ್ತು ಮುಗಿಸಿ, ಮೊದಲ ಗಂಟು ಕಂಡು ನಿಲ್ಲಿಸಿದ. "ಹ್ವಾಯ್ ಅಕ್ಕ, ಇದೆಂತ?" ಉಮಾವತಿ ಹುಲ್ಲು ಸರಿಸಿ ಗೂಡಿನ ಬಾಯಿ ತೋರಿಸಿದರು. ಒಳಗೆ ಐದು ಪುಟ್ಟ ಕೊಕ್ಕುಗಳು ತೆರೆದುಕೊಂಡವು. ಪ್ರವೀಣ್ ನೇರ ಲೀಲಾಧರರ ಹತ್ತಿರ ಹೋದ.

"ನಂಗ್ ಗೂಡ್ ಕಾಂತಿಲ್ಲ. ದಿನಾ ಅಕ್ಕ ಮುಂದ್ ಹೋಯ್ಲಿ, ನಾನ್ ಹಿಂದ್ ಬತ್ತೆ."

ಲೀಲಾಧರ ತಲೆ ಕೆರೆದುಕೊಂಡು ಒಪ್ಪಿದರು. ಈಗ ಅದೇ ಕೂಲಿಗೆ ಗಂಟು ಹಾಕುತ್ತ, ಮೆಷಿನ್ ಹೋಗದ ಮೂಲೆ ಕೊಯ್ಯುತ್ತ ಉಮಾವತಿ ಮುಂದೆ, ಮೆಷಿನ್ ಹಿಂದೆ.

ಪೇಪರಿನಲ್ಲಿ ಹೆಸರು ಬರುತ್ತದೆ ಎಂದರೆ ಅವರು ನಗುತ್ತಾರೆ. "ನನ್ ಹೆಸ್ರ್ ಎಂತಕೆ? ಗಂಟ್ ಕಂಡಲ್ ಮೆಷಿನ್ ನಿಂತ್ರೆ ಸಾಕ್."

ಇವತ್ತು ಆ ಮೊದಲ ಗಂಟಿನ ಬಳಿ ಸದ್ದಿಲ್ಲ. ಉಮಾವತಿ ಬಗ್ಗಿ ನೋಡುತ್ತಾರೆ. ಗೂಡು ಖಾಲಿ. ಬದುವಿನ ಹುಲ್ಲುತೆನೆಗೆ ಜೋತುಬಿದ್ದು ಐದು ಕಂದು ಮರಿಗಳು ಬೀಜ ಬಿಡಿಸುತ್ತಿವೆ. ಅವರು ಗಂಟನ್ನು ಬಿಚ್ಚಿ, ಬೆನ್ನು ನೆಟ್ಟಗೆ ಮಾಡಿ ಪ್ರವೀಣನತ್ತ ಕೈ ಬೀಸುತ್ತಾರೆ.

"ಹ್ವಾಯ್, ಇದ್ನ್ ಇನ್ ಕೊಯ್ಲಕ್ಕ್!"