ಸೈಲೆನ್ಸರಿನೊಳಗಿನ ಉಣ್ಣೆ

ರಾಮಸಮುದ್ರದಲ್ಲಿ ನನ್ನ ಬಾಡಿಗೆ ಮನೆಯ ಎದುರಿಗೇ ಅಂಬಣ್ಣನ ಮನೆ. ಮನೆ ಎಂದರೆ ಅರ್ಧ ಮನೆ. ಇನ್ನರ್ಧ ಅವನ ತಮ್ಮ ಬೀರೇಶನದು. ಒಂದೇ ಮಾಳಿಗೆಯ ಕೆಳಗೆ ನಡುವೆ ಗೋಡೆ ಎಬ್ಬಿಸಿ ಅಣ್ಣತಮ್ಮಂದಿರು ಬೇರೆಯಾಗಿ ವರ್ಷಗಳೇ ಆಗಿವೆ. ಅಣ್ಣ ಕೆಮ್ಮಿದರೆ ತಮ್ಮನಿಗೆ ಕೇಳುತ್ತದೆ, ತಮ್ಮನ ಮನೆಯಲ್ಲಿ ಒಗ್ಗರಣೆ ಹಾಕಿದರೆ ಅಣ್ಣನಿಗೆ ಸೀನು ಬರುತ್ತದೆ. ಮಾತು ಮಾತ್ರ ಇಲ್ಲ. ಶಾಲೆಯ ಮಾಸ್ತರನಾಗಿ ಎಂತೆಂಥ ಹಟಮಾರಿಗಳನ್ನು ಕಂಡವನು ನಾನು. ಇವರಿಬ್ಬರ ಮುಂದೆ ಅವರೆಲ್ಲ ಸಾಧುಗಳು.

ಪಾಲಾದ ದಿನ ಹೊಲ, ಕುರಿ, ಹಂಡೆ, ಕೊಡ ಎಲ್ಲವೂ ಎರಡಾದವು. ಎರಡಾಗದೆ ಉಳಿದದ್ದು ಒಂದು ಮೋಟಾರ್ ಸೈಕಲ್. ಇಬ್ಬರೂ ಸೇರಿ ಟಗರು ಮಾರಿ ಕೊಂಡ ಗಾಡಿ ಅದು. ಬೀರೇಶ ಓಡಿಸುತ್ತಿದ್ದ, ಅಂಬಣ್ಣ ಕುರಿಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂರುತ್ತಿದ್ದ. ಆಮೇಲೆ ಅವನೂ ಓಡಿಸಲು ಕಲಿತ. "ನೀ ಇಟ್ಕೋ" ಎಂದು ಇಬ್ಬರಲ್ಲಿ ಯಾರಾದರೂ ಒಬ್ಬ ಅಂದರೆ ಸಾಕು ಎಂದು ಹಿರಿಯರು ಸಂಜೆಯವರೆಗೆ ಕಾದರಂತೆ. ಒಬ್ಬನೂ ಬಾಯಿ ಬಿಡಲಿಲ್ಲ. ಕಡೆಗೆ ಗಾಡಿಯನ್ನು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿದರು. ಎರಡೂ ಮನೆಯಿಂದ ಅದಕ್ಕೆ ಬಾಗಿಲಿದೆ. ಅಂಬಣ್ಣ ತನ್ನ ಕಡೆಯ ಬಾಗಿಲಿಗೆ ಕಟ್ಟಿಗೆ ಒಟ್ಟಿ, ಗಾಡಿಯ ಸುದ್ದಿಯನ್ನೇ ಬಿಟ್ಟ.

ಬೀರೇಶ ತನ್ನ ಪಾಲಿನ ಕುರಿ ಮಾರಿ ಹತ್ತಿ, ತೊಗರಿ ಬೆಳೆಯಲು ಶುರುಮಾಡಿದ. ಅಂಬಣ್ಣ ಕುರಿ ಬಿಡಲಿಲ್ಲ. ನನಗೆ ಹೊಸ ತರಗತಿಯ ಹುಡುಗರ ಹೆಸರು ಬಾಯಿಗೆ ಬರಬೇಕಾದರೆ ದೀಪಾವಳಿ ಬರಬೇಕು. ಅವನು ಇಡೀ ಹಿಂಡಿನಲ್ಲಿ ಯಾವ ಮರಿ ಯಾವ ಕುರಿಯದು ಎಂದು ಮುಖ ನೋಡಿ ಹೇಳುತ್ತಾನೆ. ಆಯುಷ್ಯವೆಲ್ಲ ಕುರಿಯ ಹಿಂದೆ ನಡೆದ ಅವನಿಗೆ ಈ ವರ್ಷ ಬಲಗಾಲಿನ ಮೊಣಕಾಲು ಬಾತು, ಅಂಗಳ ದಾಟುವುದೂ ಕಷ್ಟವಾಯಿತು. ಅವನ ಹೆಂಡತಿ ಗುರುಲಿಂಗಮ್ಮ ಆಳೊಬ್ಬನನ್ನು ಕರೆದುಕೊಂಡು ತಾನೇ ಹಿಂಡು ಹೊಡೆದುಕೊಂಡು ಹತ್ತಿಕುಣಿ ಕೆರೆಯ ಕಡೆ ಹೋಗಿ ಅಲ್ಲೇ ಬೀಡುಬಿಟ್ಟಳು.

ದಿನಾ ಸಂಜೆ ಅಂಬಣ್ಣ ಕಟ್ಟೆಯ ಮೇಲೆ ಕೂತು ಹೆಂಡತಿಗೆ ಫೋನು ಮಾಡುತ್ತಿದ್ದ. "ಫೋನ ಕುರಿ ಬಾಯಿಗೆ ಹಿಡಿ" ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ. "ಕರಿ ಮೂತಿದು ಯಾಕ ಒದರವಲ್ದು? ಜಡ್ಡು ಗಿಡ್ಡು ಬಂದದೇನು?" ಮೊದಮೊದಲು ನನಗೆ ನಗು ಬರುತ್ತಿತ್ತು. ಒಂದು ದಿನ ಫೋನಿಟ್ಟವನೇ ಹೇಳಿದ: "ಮಾಸ್ತರ, ಕುರಿ ಮಾರಿಬಿಡ್ತೀನ್ರಿ. ಕಣ್ಣಿಲೆ ನೋಡಲಾರದ ಕುರಿ ನಂದು ಹ್ಯಾಂಗ ಆಗ್ತದ?"

"ಬಸ್ಸಿಗೆ ಹೋಗಿ ನೋಡಿಕೊಂಡು ಬಾರಪ್ಪ" ಎಂದೆ.

"ಬಸ್ಸು ಊರಿಗೆ ಹೋಗ್ತದ್ರಿ. ಕುರಿ ಊರಾಗ ಇರ್ತಾವೇನು?"

ಮರುದಿನ ಅವನೇ ಕುಂಟುತ್ತ ಬಂದು, ಗಾಡಿ ಹೊರಗೆ ತೆಗೆಯುತ್ತೇನೆ, ಮಿಸ್ತ್ರಿಯನ್ನು ಕರೆಸಿ ಎಂದ. ತಮ್ಮನನ್ನು ಒಂದು ಮಾತು ಕೇಳು ಎಂದೆ. "ಅವನ್ನ ಕೇಳೂದಾದ್ರ ಗಾಡೀನೇ ಬ್ಯಾಡ" ಎಂದ. ನನಗೆ ರೇಗಿಹೋಯಿತು. ಆದರೂ ಯಾದಗಿರಿಗೆ ಹೋಗಿ ಮಿಸ್ತ್ರಿ ಅಜರುದ್ದೀನನನ್ನು ಕರೆತಂದೆ. ಕುರಿ ಹೋದರೆ ಈ ಮನುಷ್ಯ ಉಳಿಯುವುದಿಲ್ಲ ಅನ್ನಿಸಿಬಿಟ್ಟಿತ್ತು.

ಬೀರೇಶ ಹೊಲಕ್ಕೆ ಹೋದದ್ದನ್ನು ನೋಡಿಕೊಂಡು ಕಟ್ಟಿಗೆ ಸರಿಸಿ ಗಾಡಿಯನ್ನು ಅಂಗಳಕ್ಕೆ ಎಳೆದೆವು. ಟೈರು ನೆಲಕ್ಕೆ ಕೂತಿದ್ದವು, ಚೈನು ತುಕ್ಕು ಹಿಡಿದಿತ್ತು. ಟ್ಯಾಂಕಿನಲ್ಲಿ ಉಳಿದಿದ್ದ ಪೆಟ್ರೋಲು ಅಂಟಂಟಾಗಿ ನಾರುತ್ತಿತ್ತು. ಅಜರುದ್ದೀನ ಅದನ್ನೆಲ್ಲ ಚೆಲ್ಲಿ, ಟ್ಯಾಂಕು ತೊಳೆದು, ಕಾರ್ಬೊರೇಟರ್ ಬಿಚ್ಚಿ ಊದಿ, ಹೊಸ ಟ್ಯೂಬು, ಹೊಸ ಪ್ಲಗ್ಗು ಹಾಕಿದ. ಎಂಜಿನ್ ಎಣ್ಣೆ ಬದಲಿಸಿ ಕಿಕ್ ಹೊಡೆದ. ಗಾಡಿ ಒಂದು ಸಲ ಗೊರ್ ಎಂದು ಸತ್ತಿತು. ಮತ್ತೆ ಹೊಡೆದ, ಮತ್ತೆ ಹಾಗೇ ಆಯಿತು.

ಅವನು ಬಗ್ಗಿ ಸೈಲೆನ್ಸರಿಗೆ ಬೆರಳು ಹಾಕಿದ. "ಯಾರೋ ಬಂದ್ ಮಾಡ್ಯಾರ್ರಿ ಇದನ್ನ" ಎಂದು ಒಂದು ಮುಷ್ಟಿ ಕರಿ ಉಣ್ಣೆ ಎಳೆದು ತೆಗೆದ.

ಅಂಬಣ್ಣನ ಮುಖ ಕೆಂಪಗಾಯಿತು. "ನೋಡ್ರಿ ಮಾಸ್ತರ! ನಾ ಓಡಿಸಬಾರದಂತ ಗಾಡೀದು ಉಸಿರ ಕಟ್ಟಿಸ್ಯಾನ. ಹಿಂಥವನ್ನ ಕೇಳಬೇಕಿತ್ತೇನು ನಾ?"

ಬೈಯುತ್ತಲೇ ಉಣ್ಣೆಯನ್ನು ಕಿತ್ತುಕೊಂಡ. ಕೈಗೆ ಉಣ್ಣೆ ಬಂದರೆ ಕುರುಬನ ಬೆರಳು ಸುಮ್ಮನಿರುವುದಿಲ್ಲ. ಬಿಡಿಸಿ, ಹಿಂಜಿ, ಮೂಗಿಗೆ ಹಿಡಿದ. ಬೈಗುಳ ಅರ್ಧಕ್ಕೇ ನಿಂತಿತು.

"ಬೇವಿನೆಣ್ಣಿ ಹಚ್ಯಾನ" ಎಂದ ಮೆಲ್ಲಗೆ. "ವಾಸನಿ ಇನ್ನಾ ಹೋಗಿಲ್ಲ. ಇದು ಈ ಸಲ ಕತ್ರಿಸಿದ ಉಣ್ಣಿ ಅದರಿ. ನನ್ನ ಕುರಿದೇ."

ನಮಗೆ ಏನೂ ಹೊಳೆಯಲಿಲ್ಲ. ಹೇಳಬೇಕಾದವನು ಬಾಗಿಲಲ್ಲಿ ನಿಂತಿದ್ದ. ಬೀರೇಶ ಹೊಲದಿಂದ ಯಾವಾಗ ಬಂದನೋ ನಾವು ನೋಡಿರಲಿಲ್ಲ. ಅಣ್ಣನ ಮುಖ ನೋಡದೆ ನನಗೆ ಹೇಳಿದ: "ಇಲಿ ಹೊಗಬಾರದಂತ ನಾನೇ ತುರುಕೀನ್ರಿ. ಕುರಿ ಕತ್ರಿಸಿದಾಗೊಮ್ಮೆ ಅತ್ತಿಗಿ ಹಿತ್ತಲ ಗ್ವಾಡಿ ಮ್ಯಾಲ ಉಣ್ಣಿ ಇಟ್ಟು ಹೋಗ್ತಾಳ. ಹಳೇದು ತೆಗೆದು ಹೊಸಾದು ಹಾಕ್ತೀನಿ."

ಇಷ್ಟು ವರ್ಷ ತಾನು ಮರೆತ ಗಾಡಿಯನ್ನು ತಮ್ಮ ಕಾಯುತ್ತಿದ್ದ, ಅದಕ್ಕೆ ಉಣ್ಣೆ ತನ್ನ ಹೆಂಡತಿಯೇ ಕೊಡುತ್ತಿದ್ದಳು. ಇದು ಒಳಗೆ ಇಳಿಯಲು ಅಂಬಣ್ಣನಿಗೆ ಹೊತ್ತು ಹಿಡಿಯಿತು. ಆಮೇಲೆ ಗಾಡಿ ಹತ್ತಿ ಕಿಕ್ಕಿನ ಮೇಲೆ ಕಾಲಿಟ್ಟು ತುಳಿದ. "ಅಯ್ಯಯ್ಯೋ" ಎಂದು ಮೊಣಕಾಲು ಹಿಡಿದು ಕೂತುಬಿಟ್ಟ. ಕಿಕ್ ಹೊಡೆಯಲು ಬಲಗಾಲೇ ಬೇಕು ಎಂಬುದು ಅವನಿಗೂ ಹೊಳೆದಿರಲಿಲ್ಲ, ಇಷ್ಟೆಲ್ಲ ಓದಿದ ನನಗೂ ಹೊಳೆದಿರಲಿಲ್ಲ.

ಅಜರುದ್ದೀನ ಮುಂದೆ ಬರುವಷ್ಟರಲ್ಲಿ ಬೀರೇಶ ಅಣ್ಣನ ರಟ್ಟೆ ಹಿಡಿದು ಇಳಿಸಿದ. ತಾನು ಒಮ್ಮೆ ತುಳಿದ. ಗಾಡಿ ಹೊಗೆ ಕಾರಿ, ನಡುಗಿ, ಶುರುವಾಯಿತು. ಬೀರೇಶ ಹ್ಯಾಂಡಲನ್ನು ಅಣ್ಣನ ಕಡೆ ತಿರುಗಿಸಿದ. ಅಂಬಣ್ಣ ಮುಟ್ಟಲಿಲ್ಲ. ಇನ್ನು ಇಬ್ಬರೂ ಬಾಯಿ ಬಿಗಿದು ಕೂತರೆ ಗಾಡಿ ಮತ್ತೆ ಶೆಡ್ಡಿಗೆ, ಕುರಿ ಸಂತೆಗೆ.

ಅಂಬಣ್ಣ ಉಣ್ಣೆಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡ.

"ಗಾಡಿ ನೀ ಇಟ್ಕೋ" ಎಂದ. "ನನ್ನ ಹಿಂದ ಕೂಡಿಸ್ಕೋ."

ಬೀರೇಶ ಹೆಗಲ ಮೇಲಿನ ಟವೆಲ್ಲು ತೆಗೆದು ಹಿಂದಿನ ಸೀಟಿನ ಧೂಳು ಒರೆಸಿದ. ಬಹಳ ಹೊತ್ತು ಒರೆಸಿದ. ನನಗೆ ಅಲ್ಲಿ ನಿಲ್ಲಲಾಗದೆ ಅಜರುದ್ದೀನನಿಗೆ ಚಹಾ ಕುಡಿಸುವ ನೆಪ ಮಾಡಿ ಮನೆಗೆ ಕರೆದುಕೊಂಡು ಬಂದೆ.

ಆ ಸಂಜೆ ಎದುರಿನ ಕಟ್ಟೆ ಖಾಲಿಯಿತ್ತು. ಫೋನು ನನಗೆ ಬಂತು.

"ಮಾಸ್ತರ, ಇಬ್ಬರೂ ಬಂದಾರ್ರಿ" ಎಂದಳು ಗುರುಲಿಂಗಮ್ಮ. "ಒಂದೇ ಗಾಡಿ ಮ್ಯಾಲ ಬಂದಾರ್ರಿ."

ಫೋನು ಇಡುವುದನ್ನೇ ಮರೆತಳು. ಕುರಿಗಳು ಒದರುವುದು, ಕರಿ ಮೂತಿಯದನ್ನು ಅಂಬಣ್ಣ ಬೈಯುವುದು, ನಡುನಡುವೆ ಬೀರೇಶ ನಗುವುದು ಎಲ್ಲ ನನಗೆ ಕೇಳುತ್ತಿತ್ತು.