ಜಲಜಕ್ಕನ ಅಂಗಳದ ಸೌತೆಕಾಯಿ

ನಮ್ಮ ಬಾಡಿಗೆ ಮನೆಗೂ ಜಲಜಕ್ಕನ ಮನೆಗೂ ನಡುವೆ ಎದೆಮಟ್ಟದ ಒಂದು ಕೆಂಪುಕಲ್ಲಿನ ಗೋಡೆ. ಆಚೆ ಅವರ ಅಂಗಳ. ಅಂಗಳವೆಂದರೆ ಒಂದು ರಿಕ್ಷಾ ನಿಲ್ಲಿಸಿದರೆ ಮುಗಿಯಿತು, ಅಷ್ಟು ಜಾಗ. ಬಿಜೂರಿನಲ್ಲಿ ಗದ್ದೆ ಕೊಯ್ಲಾದ ಮೇಲೆ ಅಮ್ಮ ತರಕಾರಿ ಹಾಕುವುದನ್ನು ಕಂಡು ಬೆಳೆದ ನನಗೆ, ಕುಂದಾಪುರ ಪೇಟೆಯ ಈ ತುಂಡು ನೆಲದಲ್ಲಿ ಅವರು ಇಷ್ಟೆಲ್ಲ ಬೆಳೆಸುವುದು ಮೊದಮೊದಲು ನಂಬಲಿಕ್ಕೇ ಆಗಿರಲಿಲ್ಲ. ಗೋಡೆಗೆ ಹಬ್ಬಿದ ಅಲಸಂಡೆ, ಬಾವಿಕಟ್ಟೆಯ ಹತ್ತಿರ ಕೆಂಪು ಹರಿವೆ, ಬಚ್ಚಲ ನೀರು ಹೋಗುವಲ್ಲಿ ಬಸಳೆ ಚಪ್ಪರ. ಉಳಿದಷ್ಟೂ ನೆಲ ಸೌತೆಬಳ್ಳಿಗೆ. ಹಸಿ ತಿನ್ನುವ ಮುಳ್ಳುಸೌತೆಯಲ್ಲ, ಸಾಂಬಾರಿಗೆ ಹಾಕುವ ಹಳದಿ ಪಟ್ಟೆಯ ಸೌತೆ.

ಜಲಜಕ್ಕ ಹಿಂದಿನ ಬೀದಿಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ಅಲ್ಲಿ ಬಿಸಿಯೂಟ ಶುರುವಾದಾಗಿನಿಂದ ಸೌಟು ಹಿಡಿದವರು ಅವರೇ. ಮಕ್ಕಳಿಲ್ಲ, ಗಂಡ ಚೆನ್ನಯ್ಯ ತೀರಿಕೊಂಡು ವರ್ಷಗಳಾದವು. ಅರವತ್ತು ತುಂಬಿತೆಂದು ಈ ಮಾರ್ಚಿನಲ್ಲಿ ಕೆಲಸ ಬಿಡಬೇಕಾಯಿತು. ಶಾಲೆಯವರು ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಹಣ್ಣನ್ನು ನನ್ನ ಮಗಳು ವಿಜೇತಾಳಿಗೆ ದಾಟಿಸಿ, ಮಾರನೇ ಬೆಳಿಗ್ಗೆಯೇ ಜಲಜಕ್ಕ ಹಾರೆ ಹಿಡಿದು ಪಾತಿ ಮಾಡುತ್ತಿದ್ದರು.

"ಈ ವರ್ಷವೂ ಇಷ್ಟೆಲ್ಲ ಯಾರಿಗೆ ಜಲಜಕ್ಕ?" ಎಂದು ಕೇಳಿದೆ.

"ಯಾರಿಗೆ ಅಂದ್ರೆ? ಶಾಲಿಗೆ. ಶಾಲಿ ಶುರುವಾಪ್ ದಿನದ ಸಾಂಬಾರ್ ಏಗ್ಳೂ ನನ್ ಸೌತೆಕಾಯಿದೇ. ನಾನ್ ಬಿಟ್ಟೆ ಅಂದೇಳಿ ಮಕ್ಳ್ ಬಿಡ್ಕಾ?" ಎಂದವರು ಹಾರೆ ನಿಲ್ಲಿಸಿ, "ಈ ಸಲ ನಿನ್ ಮಗ್ಳೂ ಉಣ್ತ್ಳಲೆ!" ಎಂದರು. ವಿಜೇತಾಳನ್ನು ಅದೇ ಶಾಲೆಯ ಒಂದನೇ ತರಗತಿಗೆ ಸೇರಿಸುವುದೆಂದು ನಾವು ನಿಶ್ಚಯಿಸಿದ್ದೆವು. ಅದನ್ನು ಕೇಳಿದಂದಿನಿಂದ ಅವರಿಗೆ ಆ ಸೌತೆಬಳ್ಳಿಯ ಮೇಲೆ ಇನ್ನಷ್ಟು ಮೋಹ.

ಕೆಲಸ ಬಿಟ್ಟರೂ ಕೈಯ ಅಭ್ಯಾಸ ಬಿಡಲಿಲ್ಲ. ಒಬ್ಬರಿಗೆ ಅಡುಗೆ ಮಾಡುವ ಅಂದಾಜು ಅವರಿಗೆ ಗೊತ್ತೇ ಇರಲಿಲ್ಲ. ಹರಿವೆ ಹುಳಿಗೆ ಕಾಯಿ ತುರಿದರೆ ಬೀದಿಗೆಲ್ಲ ಆಗುವಷ್ಟು. ಮಧ್ಯಾಹ್ನವಾಗುತ್ತಿದ್ದಂತೆ ಗೋಡೆಯಾಚೆಯಿಂದ ಕೂಗು: "ಹ್ವಾಯ್ ಸೌಜನ್ಯ, ಪಾತ್ರ ತಕಂಡ್ ಬಾ!" ಬಸಳೆಗೆ ಹಲಸಿನ ಬೀಜ ಹಾಕಿ ಮಾಡಿದ್ದು, ಅಲಸಂಡೆ ಪಲ್ಯ, ಬೆಳ್ಳುಳ್ಳಿ ಒಗ್ಗರಣೆಯ ಹರಿವೆ ಸೊಪ್ಪು. ನನ್ನ ಗಂಡ ರತೀಶ ಮೀನಿನ ಲಾರಿ ಓಡಿಸುವವರು, ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ನಾವಿಬ್ಬರು ತಾಯಿ ಮಗಳು ಎಷ್ಟು ತಿಂದೇವು! ಹೇಳಿದರೆ ಬೇಸರಪಟ್ಟುಕೊಳ್ಳುತ್ತಾರೆಂದು ರಾತ್ರಿಗೂ ಅದನ್ನೇ ಬಿಸಿ ಮಾಡಿ ಉಣ್ಣುತ್ತಿದ್ದೆವು.

ಒಮ್ಮೆ ಮಗಳನ್ನು ಕರೆದುಕೊಂಡು ಅವರ ಮನೆಗೇ ಊಟಕ್ಕೆ ಹೋದೆ. ಒಟ್ಟಿಗೆ ಕೂತರೆ ಅವರಿಗೂ ಒಂದು ತುತ್ತು ಹೆಚ್ಚು ಹೋದೀತು ಎಂಬ ಲೆಕ್ಕ ನನ್ನದು. ಅವರು ಬಡಿಸಿದರೇ ಹೊರತು ಕೂರಲಿಲ್ಲ.

"ನೀವೂ ಕೂಕಣಿ ಜಲಜಕ್ಕ."

"ಮಕ್ಳದ್ದ್ ಆಗ್ಲಿ. ನಾನ್ ಆಮೇಲ್ ಉಣ್ತೆ."

ಕೈ ತೊಳೆಯಲು ಹಿತ್ತಿಲಿಗೆ ಹೋಗುವಾಗ ಕಂಡೆ: ಅಡುಗೆಮನೆಯ ಕಟ್ಟೆಗೆ ಒರಗಿ, ನಿಂತುಕೊಂಡೇ, ಪಾತ್ರೆಯ ಮುಚ್ಚಳದಲ್ಲಿ ಅನ್ನ ಹಾಕಿಕೊಂಡು ಉಣ್ಣುತ್ತಿದ್ದರು. ನಾನು ಕಂಡದ್ದು ಅವರಿಗೆ ತಿಳಿಯದಂತೆ ದಾಟಿ ಹೋದೆ.

ಮೇ ಬಂತು. ಹೊಳೆ ಹತ್ತಿರದ ನಮ್ಮ ಬಾವಿಗಳಿಗೆ ಉಬ್ಬರದ ಉಪ್ಪು ಏರುವ ಕಾಲ. ಆ ನೀರು ಬಟ್ಟೆ ಒಗೆಯಲಿಕ್ಕೂ ಬರುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಗಿಡಕ್ಕೆ ಹಾಕಿದರೆ ಎಲೆಯ ಅಂಚು ಸುಟ್ಟಹಾಗೆ ಕಾಣುತ್ತದೆ. ನಲ್ಲಿಯ ನೀರು ದಿನ ಬಿಟ್ಟು ದಿನ. ಜಲಜಕ್ಕ ತಾವು ಉಪ್ಪುನೀರಿನಲ್ಲಿ ಮಿಂದು ನಲ್ಲಿ ನೀರನ್ನು ಸೌತೆಬಳ್ಳಿಗೆ ಎರೆದರು. ನಾನೂ ಅಕ್ಕಿ ತೊಳೆದ ನೀರನ್ನು ಚೆಲ್ಲದೆ ಗೋಡೆಯ ಮೇಲಿಂದ ಕೊಡುತ್ತಿದ್ದೆ. ಅಷ್ಟರಲ್ಲಿ ರಸ್ತೆ ಅಗೆಯುವವರು ಪೈಪು ಒಡೆದು ನಲ್ಲಿಯೂ ನಿಂತಿತು. ಟ್ಯಾಂಕರಿನ ನೀರಿನಲ್ಲಿ ಬುಡಕ್ಕೊಂದು ಚೊಂಬು, ಅಷ್ಟೇ. ಮಧ್ಯಾಹ್ನ ಬಳ್ಳಿ ಸತ್ತಂತೆ ಮಲಗುತ್ತಿತ್ತು, ಸಂಜೆ ಹೇಗೋ ತಲೆ ಎತ್ತುತ್ತಿತ್ತು. ಜಲಜಕ್ಕ ಹಳೆಯ ಸೀರೆಯೊಂದನ್ನು ಕಟ್ಟಿ ನೆರಳು ಮಾಡಿದರು. ಕಾಯಿ ಸಣ್ಣದಾದರೂ ಹಣ್ಣಾಗಿ ಹಳದಿ ತಿರುಗಿತು. ಶಾಲೆಗೆ ಬೇಕಾದಷ್ಟನ್ನು ಗೋಣಿಚೀಲಕ್ಕೆ ತುಂಬಿ, ಉಳಿದದ್ದನ್ನು ಮಳೆಗಾಲಕ್ಕೆಂದು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಜಂತಿಗೆ ತೂಗುಹಾಕಿದರು.

ಶಾಲೆ ಶುರುವಾದ ದಿನ ಬಾಗಿಲಿಗೆ ತೋರಣ, ಮಕ್ಕಳಿಗೆ ಹೂವು. ವಿಜೇತಾ ನನ್ನ ಚೂಡಿದಾರದ ಶಾಲು ಹಿಡಿದು ಬಿಡಲೇ ಇಲ್ಲವಾದ್ದರಿಂದ ನಾನೂ ಅಲ್ಲೇ ಉಳಿದೆ. ಜಲಜಕ್ಕ ಗೋಣಿಚೀಲ ತಂದು ಅಡುಗೆಮನೆಯ ಹೊರಗೆ ನಿಂತರು. ಹೊಸ ಅಡುಗೆಯವಳು ಪದ್ದು ಓಡಿಬಂದು ಚೀಲಕ್ಕೆ ಕೈ ಹಾಕಿದಳು.

"ಒಳ್ಗೆ ಬನ್ನಿ ಜಲಜಕ್ಕ, ಹೆರ್ಗೆ ಎಂತಕೆ ನಿತ್ಕಂಡ್ರಿ?"

"ಬ್ಯಾಡ ಮಗಾ. ಈಗ್ಳ್ ಅದ್ ನಿನ್ ಅಡುಗಿಮನಿ."

ಅವರು ಜಗಲಿಯ ತುದಿಯಲ್ಲಿ ಕೂತರು. ಒಳಗಿಂದ ತೆಂಗಿನೆಣ್ಣೆಯ ಒಗ್ಗರಣೆಗೆ ಸಾಸಿವೆ ಚಟಪಟಿಸಿದಾಗ, "ಸಾಸ್ಮಿ ಹೊಟ್ಟಿತ್," ಎಂದು ನನಗೆ ವರದಿ ಒಪ್ಪಿಸಿದರು. ಮುಖದಲ್ಲಿ ಮದುವೆ ಮನೆಯ ಕಳೆ.

ಊಟದ ಗಂಟೆ ಬಾರಿಸುವ ಮೊದಲು ಟೀಚರು ರುಚಿ ನೋಡುವುದು ಕ್ರಮ. ನೋಡಿದವರೇ ಹೆಡ್‌ಮಾಷ್ಟ್ರನ್ನು ಕರೆದರು. ಮಾಷ್ಟ್ರು ಒಂದು ಚಮಚ ಬಾಯಿಗಿಟ್ಟು ಹಿತ್ತಿಲಿಗೆ ಹೋಗಿ ಉಗಿದು ಬಂದರು. ಪದ್ದು ಸೌಟು ಹಿಡಿದಲ್ಲೇ ಅಳುತ್ತಿದ್ದಳು. ಜಲಜಕ್ಕ ಎದ್ದು ಬಾಗಿಲವರೆಗೆ ಹೋಗಿ ಕೈ ಚಾಚಿದರು. ಅಂಗೈಗೆ ಹಾಕಿಸಿಕೊಂಡು ನೆಕ್ಕಿದರು.

ಕಹಿ. ನೀರಿಲ್ಲದೆ ಬಳಲಿದ ಬಳ್ಳಿಯಲ್ಲಿ ಹೀಗೆ ನಾಲ್ಕಾರು ಕಾಯಿ ಕಹಿಯಾಗುತ್ತದೆ. ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಅದಕ್ಕೇ ನಮ್ಮ ಕಡೆ ಯಾವ ಅಡುಗೆಮನೆಯಲ್ಲೂ ಸೌತೆಕಾಯಿಯ ತುದಿ ಕೊಯ್ದು ಒಂದು ಚೂರು ನೆಕ್ಕಿ ನೋಡದೆ ಪಾತ್ರೆಗೆ ಹಾಕುವುದಿಲ್ಲ. ಒಂದು ಕಹಿ ಕಾಯಿ ಸಾಕು, ಇಡೀ ಸಾಂಬಾರು ಹೋಯಿತು.

"ನಿಮ್ ಸೌತೆಕಾಯಿ ಅಲ್ದಾ ಜಲಜಕ್ಕ, ಅದನ್ ನೆಕ್ಕಿ ಕಾಂಬುದ್ ಹ್ಯಾಂಗೆ ಅಂದ್ಕಂಡೆ," ಎಂದಳು ಪದ್ದು.

ಜಲಜಕ್ಕ ಅವಳ ಬೆನ್ನು ಸವರಿದರು. "ನಾನ್ ಕೊಡುಕೆ ಮೊದ್ಲ್ ನೆಕ್ಕಿ ಕಾಣ್ಕಿತ್. ನಿಂದೆಂತ ತಪ್ಪಿಲ್ಲ."

ಮಾಷ್ಟ್ರು ಅಂಗಡಿಯಿಂದ ಮೊಸರು ತರಿಸಿದರು. ಪಾಯಸವಂತೂ ಇತ್ತು. ಮಕ್ಕಳು ಕೇಕೆ ಹಾಕಿಕೊಂಡು ಉಂಡವು. ಅವಕ್ಕೆ ಏನೂ ಕಮ್ಮಿಯಾಗಲಿಲ್ಲ. ಸಾಂಬಾರಿನ ದೊಡ್ಡ ಪಾತ್ರೆಯನ್ನು ಪದ್ದುವೂ ಟೀಚರೂ ಎರಡು ಕಡೆ ಹಿಡಿದು ಹಿತ್ತಿಲ ತೆಂಗಿನ ಬುಡಕ್ಕೆ ಒಯ್ದು ಸುರಿದರು. ನಾನು ತಿರುಗಿ ನೋಡಿದಾಗ ಜಗಲಿಯ ತುದಿ ಖಾಲಿ.

ಸಂಜೆ ಗೋಡೆಯಾಚೆ ಸದ್ದಿರಲಿಲ್ಲ. ಮಗಳನ್ನು ಕರೆದುಕೊಂಡು ಹೋದೆ. ಜಂತಿಯ ಸೌತೆಕಾಯಿಗಳನ್ನೆಲ್ಲ ಇಳಿಸಿ ಸುತ್ತ ಹರಡಿಕೊಂಡು, ಮೆಟ್ಟುಕತ್ತಿಯ ಮಣೆಯ ಮೇಲೆ ಕೂತು, ಒಂದೊಂದರ ತುದಿ ಕೊಯ್ದು ನೆಕ್ಕುತ್ತಿದ್ದರು.

"ಕೊಯ್ದ್ರೆ ಮಳೆಗಾಲಕ್ಕೆ ಉಳುದಿಲ್ಲ ಜಲಜಕ್ಕ."

"ಗೊತ್ತಿತ್. ನಾಳೆ ಶಾಲಿಗೆ ಕೊಡ್ಕ್."

ನಾನೂ ಕೂತೆ. ಒಂದು ಚೂರು ನೆಕ್ಕಿ "ಸಿಹಿ" ಎಂದೆ.

"ನಿಂಗೆ ಎಲ್ಲವೂ ಸಿಹಿಯೇ ಮಾರಾಯ್ತಿ. ಇಲ್ ತಾ." ನೆಕ್ಕಿ ಮುಖ ಹಿಂಡಿ ಎಸೆದರು. "ಇದ್ ಸಿಹಿಯಾ? ಗಂಡಂಗೂ ಹೀಂಗೇ ಮಾಡಿ ಹಾಕ್ತ್ಯಾ?"

ವಿಜೇತಾ ತಾನೂ ಒಂದು ಚೂರು ಕದ್ದು ಬಾಯಿಗಿಟ್ಟು, ನಾಲಗೆ ಹೊರಗೆ ಹಾಕಿಕೊಂಡು ಅಂಗಳವಿಡೀ ಓಡಿದಳು. ಜಲಜಕ್ಕ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಗಾಗ ಬಾಯಿ ಮುಕ್ಕಳಿಸುತ್ತಾ ಎಲ್ಲವನ್ನೂ ಮುಗಿಸಿದೆವು. ಒಳ್ಳೆಯವೇ ಹೆಚ್ಚು ಇದ್ದವು.

ಮಾರನೇ ಬೆಳಿಗ್ಗೆ ನಾನು ಮಗಳನ್ನು ಬಿಡಲು ಹೋದಾಗ ಅವರೂ ಚೀಲ ಹಿಡಿದು ಬಂದರು. ಈ ಸಲ ಅಡುಗೆಮನೆಯ ಹೊಸ್ತಿಲಲ್ಲೇ ಇಳಿಸಿದರು. "ಎಲ್ಲ ನೆಕ್ಕಿ ಕಂಡದ್ದೇ ಮಗಾ." ಪದ್ದು ಕತ್ತಿ ತೆಗೆದುಕೊಂಡಳು. ಮೊದಲನೆಯದರ ಹೊಸ ತುದಿ ಕೊಯ್ದು ನೆಕ್ಕಿದಳು. ಎರಡನೆಯದನ್ನೂ. ಜಲಜಕ್ಕ ನೋಡುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು. ತಲೆ ಎತ್ತಲಿಲ್ಲ, ನಿಲ್ಲಿಸಲೂ ಇಲ್ಲ.

"ಹಾಂಗೇ ಮಾಡ್ಕ್," ಎಂದರು ಜಲಜಕ್ಕ. ಕೊನೆಯ ಕಾಯಿಯವರೆಗೂ ನಿಂತರು. ಖಾಲಿ ಚೀಲವನ್ನು ಕೊಡವಿ ಮಡಚಿಕೊಂಡು, ಯಾರು ಕರೆದರೂ ಊಟಕ್ಕೆ ನಿಲ್ಲದೆ ಗೇಟು ದಾಟಿ ಹೋದರು.

ಸಂಜೆ ಗೋಡೆಯ ಹತ್ತಿರ ಹೋಗಿ ಹೇಳಿದೆ: "ವಿಜೇತಾ ಎರಡ್ ಸಲ ಸಾಂಬಾರ್ ಹಾಕಿಸ್ಕಂಡ್ಳಂಬ್ರ್ ಜಲಜಕ್ಕ."

"ಹೌದಾ?" ಎಂದರು ಜಲಜಕ್ಕ. "ಪದ್ದುದ್ ಕೈ ಲಾಯ್ಕ್ ಇತ್ ಅಂದೇಳಾಯ್ತ್. ಅವ್ಳಿಗೆ ಹೇಳ್." ಆಮೇಲೆ ಒಳಗೆ ಹೋಗಿ ದೀಪ ಹಾಕಿದರು.