ಭಾವನ ಕಾರಿನ ಹೀಟರ್

ನಮ್ಮ ಭಾವ ಬಾಡಿಗೆಗೆ ಎಲೆಕ್ಟ್ರಿಕ್ ಕಾರು ಓಡಿಸುತ್ತಾರೆ. ಎ.ಸಿ., ಹೀಟರ್ ಎರಡೂ ಚಾರ್ಜ್ ನುಂಗುತ್ತವೆ ಎಂದು ತಿಳಿದಂದಿನಿಂದ ಅವರ ತಲೆ ಕೆಟ್ಟಿದೆ. ಬೇಸಿಗೆಯಲ್ಲಿ ಕಾರಿನೊಳಗೆ ಜಗಳವಾಡುವಂತಿಲ್ಲ. ಬೈದಾಡುವವರ ಬಿಸಿಯುಸಿರಿಗೆ ಎ.ಸಿ. ಹೆಚ್ಚು ದುಡಿಯಬೇಕಂತೆ. ಜಗಳವಿಲ್ಲದೆ ದಿನ ದೂಡದ ನನ್ನ ಅಕ್ಕ ಮತ್ತು ಅವಳ ಅತ್ತೆ, ಬೇಸಿಗೆಯಿಡೀ ಹಿಂದಿನ ಸೀಟಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತರು.

ಚಳಿಗಾಲ ಬಂತು. ಒಂದು ಮುಂಜಾನೆ ಎಲ್ಲರೂ ಕಣ್ಣಾಸ್ಪತ್ರೆಗೆ ಹೊರಟೆವು. ಹೀಟರ್ ಹಾಕಲು ಭಾವನಿಗೆ ಕೈ ಬರಲಿಲ್ಲ. ಮುಂದಿನ ಸೀಟಿನಲ್ಲಿ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಹಿಂದಿನವರು ಅಭ್ಯಾಸಬಲದಿಂದ ತುಟಿ ಬಿಚ್ಚಲಿಲ್ಲ.

"ಅಮ್ಮಾ," ಎಂದರು ಭಾವ, ಮೆಲ್ಲಗೆ, "ಆವತ್ತು ಹೊಸ ಕುಕ್ಕರ್ ಸುಟ್ಟಿದ್ದು ಯಾರು ಅಂತ ಇನ್ನೂ ಇತ್ಯರ್ಥ ಆಗಿಲ್ಲ ನೋಡು."

ಅತ್ತೆ ಸೊಸೆಯ ಮುಖ ನೋಡಿದರು. ಸೊಸೆ ಅತ್ತೆಯ ಮುಖ ನೋಡಿದಳು.

"ನಿನ್ನ ಹೀಟರ್ ಉಳಿಸೋಕೆ ನಾವು ಕಿತ್ತಾಡ್ಬೇಕೇನೋ?" ಎಂದರು ಅತ್ತೆ.

"ಸರಿಯಾಗಿ ಕೇಳಿದ್ರಿ ಅತ್ತೆ," ಎಂದಳು ಅಕ್ಕ.

ಮದುವೆಯಾದ ಮೇಲೆ ಮೊದಲ ಸಲ ಇಬ್ಬರೂ ಒಂದಾಗಿ, ಆಸ್ಪತ್ರೆಯ ಗೇಟಿನವರೆಗೂ ಭಾವನನ್ನು ತರಾಟೆಗೆ ತೆಗೆದುಕೊಂಡರು. ಗಾಜಿಗೆಲ್ಲ ಹಬೆ ಕಟ್ಟಿತು. ಗೇಟಿನಲ್ಲಿ ಕಾರು ನಿಲ್ಲಿಸಿದ ಭಾವ ಚಾರ್ಜ್ ಎಷ್ಟಿದೆಯೆಂದು ನೋಡಿ, ತೃಪ್ತಿಯಿಂದ ಸ್ವೆಟರಿನ ಗುಂಡಿ ಬಿಚ್ಚಿದರು.